ಬೆಂಬಲವಿಲ್ಲದ ಕಂಪ್ಯೂಟರಿನಲ್ಲಿ ಹಾಡು ಕೇಳುವ ಬಗೆ

ಕಂಪ್ಯೂಟರ್ ಪಾಠ

ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, "ಸರ್, ಇದರಲ್ಲಿ ಸ್ಪಾಟಿಫೈ ಬರುತ್ತದೆಯೇ?" ಎಂಬುದು. ಬರುತ್ತದೆ ಎಂದರೂ ಸರಿ, ಕಂಪನಿ ಅದಕ್ಕೆ ಬೆಂಬಲ ಕೊಡುವುದಿಲ್ಲ ಎಂದರೂ ಸರಿ. ಈ ಎರಡು ಉತ್ತರಗಳೂ ಒಟ್ಟಿಗೆ ನಿಜವಾಗುವುದು ಹೇಗೆ? ಇದನ್ನು ಬಿಡಿಸಿದರೆ ಆಪರೇಟಿಂಗ್ ಸಿಸ್ಟಂ, ಫೈಲ್ ಫಾರ್ಮ್ಯಾಟ್, ಗೂಢಲಿಪೀಕರಣ, ಕೃತಿಸ್ವಾಮ್ಯ ಎಂಬ ನಾಲ್ಕು ಪಾಠಗಳು ಒಂದೇ ಹಾಡಿನ ನೆಪದಲ್ಲಿ ಸಿಗುತ್ತವೆ.

ಈ ಪ್ರಶ್ನೆಗೆ ಈಗ ಮಹತ್ವ ಹೆಚ್ಚಿದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಸಾಕಷ್ಟು ಹೊಸ ಪ್ರೊಸೆಸರ್ ಕೂಡ ಬೇಕು. ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ಬಂದ ಅನೇಕ ಲ್ಯಾಪ್‌ಟಾಪುಗಳಲ್ಲಿ ಇವು ಇರುವುದಿಲ್ಲ. ಯಂತ್ರ ಗಟ್ಟಿಯಾಗಿದ್ದರೂ ಕಂಪನಿಗಳ ಪಟ್ಟಿಯಿಂದ ಅದು ಹೊರಬಿದ್ದಿರುತ್ತದೆ. ಅದನ್ನು ಮೂಲೆಗೆ ಹಾಕಬೇಕೇ, ಬಳಸಬಹುದೇ ಎಂಬುದು ಹಲವು ಮನೆಗಳಲ್ಲಿ ದುಡ್ಡಿನ ಪ್ರಶ್ನೆಯೂ ಹೌದು.

1. ಬೆಂಬಲ ಎಂದರೇನು?

ಒಂದು ಕಂಪನಿ "ಈ ಆಪರೇಟಿಂಗ್ ಸಿಸ್ಟಂಗೆ ನಮ್ಮ ಬೆಂಬಲವಿದೆ" ಎಂದಾಗ ಮೂರು ಮಾತು ಕೊಟ್ಟಂತೆ. ಹೊಸ ಆವೃತ್ತಿಯನ್ನು ಆ ಸಿಸ್ಟಂ ಮೇಲೆ ಪರೀಕ್ಷಿಸಿಯೇ ಬಿಡುಗಡೆ ಮಾಡುತ್ತೇವೆ ಎಂಬುದು ಮೊದಲನೆಯದು. ತೊಂದರೆಯಾದರೆ ದೂರು ಕೇಳುತ್ತೇವೆ ಎಂಬುದು ಎರಡನೆಯದು. ಭದ್ರತೆಯ ದೋಷ ಕಂಡರೆ ತಿದ್ದುತ್ತೇವೆ ಎಂಬುದು ಮೂರನೆಯದು. ಬೆಂಬಲವಿಲ್ಲ ಎಂದರೆ ಈ ಮೂರು ಮಾತುಗಳಿಲ್ಲ ಎಂದಷ್ಟೇ ಅರ್ಥ. "ಓಡುವುದೇ ಇಲ್ಲ" ಎಂಬ ಅರ್ಥವಲ್ಲ.

ಸ್ಪಾಟಿಫೈ ಇದಕ್ಕೆ ಒಳ್ಳೆಯ ಉದಾಹರಣೆ. 2006ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಡೇನಿಯಲ್ ಎಕ್ ಮತ್ತು ಮಾರ್ಟಿನ್ ಲೊರೆಂಟ್ಸನ್ ಸ್ಥಾಪಿಸಿದ ಈ ಕಂಪನಿ 2008ರಲ್ಲಿ ಸೇವೆ ಆರಂಭಿಸಿತು. ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಲಿನಕ್ಸ್‌ಗೆ ಅದರ ಆ್ಯಪ್‌ನ ಮೊದಲ ಪ್ರಾಯೋಗಿಕ ರೂಪ 2010ರಲ್ಲೇ ಹೊರಬಂದಿತ್ತು. ತಮ್ಮ ಕೆಲಸದ ಲಿನಕ್ಸ್ ಯಂತ್ರಗಳಲ್ಲಿ ಹಾಡು ಕೇಳಬೇಕೆಂದು ಅಲ್ಲಿನ ಎಂಜಿನಿಯರುಗಳು ಬಿಡುವಿನ ವೇಳೆಯಲ್ಲಿ ಇದನ್ನು ಮಾಡುತ್ತಾರೆ, ಕಂಪನಿಯ ಸಕ್ರಿಯ ಬೆಂಬಲ ಇದಕ್ಕಿಲ್ಲ ಎಂದು ಕಂಪನಿಯೇ ಹೇಳಿಕೊಂಡಿದೆ. ಅಂದರೆ ಆ್ಯಪ್ ಇದೆ, ಭರವಸೆ ಇಲ್ಲ.

ಹಾಗಾದರೆ ಬೆಂಬಲ ಕೊಡದಿರಲು ತಾಂತ್ರಿಕ ಅಡಚಣೆಯೇ ಕಾರಣವೇ? ಬಹುತೇಕ ಅಲ್ಲ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ಆಪರೇಟಿಂಗ್ ಸಿಸ್ಟಂ ಇದೆ. ಮೇಜಿನ ಕಂಪ್ಯೂಟರಿನಲ್ಲಿ ಅದನ್ನು ಬಳಸುವವರಿಗೆ ಸ್ಪಾಟಿಫೈ ಆ್ಯಪ್ ಇಲ್ಲ. ಆದರೆ ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರದ ಸಿಸ್ಟಂ ಅದೇ ಫ್ರೀಬಿಎಸ್‌ಡಿಯನ್ನು ಆಧರಿಸಿದ್ದು, 2015ರಿಂದ ಅದರಲ್ಲಿ ಸ್ಪಾಟಿಫೈ ಅಧಿಕೃತವಾಗಿಯೇ ಹಾಡಿತು. ಬುಡ ಒಂದೇ, ಬಳಕೆದಾರರ ಸಂಖ್ಯೆ ಬೇರೆ. ಪರೀಕ್ಷೆ ಮತ್ತು ದುರಸ್ತಿಗೆ ಆಗುವ ಖರ್ಚನ್ನು ಕಂಪನಿ ಎಲ್ಲಿ ಲಾಭವಿದೆಯೋ ಅಲ್ಲಿ ಹಾಕುತ್ತದೆ. ಇದು ವ್ಯಾಪಾರದ ಲೆಕ್ಕ.

2. ಹಾಡು ಕಿವಿಗೆ ಬರುವ ದಾರಿ

ಸ್ಟ್ರೀಮಿಂಗ್ ಎಂದರೆ ಫೈಲ್ ಪೂರ್ತಿ ಇಳಿಯುವವರೆಗೆ ಕಾಯದೆ, ತುಂಡು ತುಂಡಾಗಿ ಬಂದಂತೆ ನುಡಿಸುವುದು. ಈ ದಾರಿಯಲ್ಲಿ ಐದು ಮೆಟ್ಟಿಲುಗಳಿವೆ:

(ಅ) ಸರ್ವರಿನಲ್ಲಿ ಹಾಡು ಸಂಕುಚಿತ ರೂಪದಲ್ಲಿ ಇರುತ್ತದೆ.
(ಆ) ಅದಕ್ಕೆ ಬೀಗ ಹಾಕಿ, ಅಂದರೆ ಗೂಢಲಿಪಿಗೆ ತಿರುಗಿಸಿ, ಕಳಿಸುತ್ತಾರೆ.
(ಇ) ನಮ್ಮ ಯಂತ್ರದ ಆ್ಯಪ್ ಅಥವಾ ಬ್ರೌಸರ್ ಬೀಗ ತೆಗೆಯುತ್ತದೆ.
(ಈ) ಡಿಕೋಡರ್ ಸಂಕುಚಿತ ಅಂಕೆಗಳನ್ನು ಮತ್ತೆ ಧ್ವನಿಯ ಅಂಕೆಗಳಾಗಿ ಹರಡುತ್ತದೆ.
(ಉ) ಆಪರೇಟಿಂಗ್ ಸಿಸ್ಟಂ ಆ ಅಂಕೆಗಳನ್ನು ಸೌಂಡ್ ಕಾರ್ಡಿಗೆ ಒಪ್ಪಿಸುತ್ತದೆ.

ಸಂಕುಚನ ಏಕೆ ಬೇಕು ಎಂಬುದನ್ನು ಲೆಕ್ಕ ಮಾಡಿ ನೋಡೋಣ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಧ್ವನಿ ಕೇಳಿಸುತ್ತದೆ. ಧ್ವನಿಯನ್ನು ಅಂಕೆಯಾಗಿಸುವಾಗ ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಅದಕ್ಕೇ ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೆ 16 ಬಿಟ್, ಎಡ ಬಲ ಎಂದು 2 ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್. ಒಂದು ಗಂಟೆಯ ಸಂಗೀತಕ್ಕೆ ಸುಮಾರು 635 ಎಂಬಿ ಆಗುತ್ತದೆ.

ಸ್ಪಾಟಿಫೈ ಆ್ಯಪ್ ಬಹುಕಾಲದಿಂದ ಬಳಸುತ್ತಿರುವುದು ಆಗ್ ವೋರ್ಬಿಸ್ ಎಂಬ ಮುಕ್ತ ಫಾರ್ಮ್ಯಾಟ್. ಅದರಲ್ಲಿ ಸೆಕೆಂಡಿಗೆ 96, 160, 320 ಕಿಲೋಬಿಟ್ ಎಂಬ ಮೂರು ಗುಣಮಟ್ಟಗಳಿವೆ. 160 ಕಿಲೋಬಿಟ್ ಎಂದರೆ ಸೆಕೆಂಡಿಗೆ 20,000 ಬೈಟ್. ಹೀಗಾಗಿ 5 ನಿಮಿಷದ ಹಾಡಿಗೆ 6 ಎಂಬಿ, ಒಂದು ಗಂಟೆಗೆ 72 ಎಂಬಿ. ಅದೇ 96ರಲ್ಲಿ ಗಂಟೆಗೆ ಸುಮಾರು 43 ಎಂಬಿ, 320ರಲ್ಲಿ 144 ಎಂಬಿ. ಮೊಬೈಲಿನ ಹಾಟ್‌ಸ್ಪಾಟ್ ಹಂಚಿಕೊಂಡು ದಿನದ ಡೇಟಾ ಮಿತಿಯಲ್ಲಿ ಓದುವವರು ಈ ಲೆಕ್ಕ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂದೇ ಹಾಡು ಮೂರು ಬಗೆಯ ಖರ್ಚಿಗೆ ಬರುತ್ತದೆ.

3. ಬೀಗದ ಕಥೆ

ಮೇಲಿನ ಐದು ಮೆಟ್ಟಿಲುಗಳಲ್ಲಿ ಬೆಂಬಲವಿಲ್ಲದ ಯಂತ್ರ ಸಾಮಾನ್ಯವಾಗಿ ಎಡವುವುದು ಮೂರನೆಯದರಲ್ಲಿ. ಬೀಗ ಹಾಕಿ ಹಂಚುವ ಈ ವ್ಯವಸ್ಥೆಗೆ ಡಿಜಿಟಲ್ ಹಕ್ಕುಗಳ ನಿರ್ವಹಣೆ ಅಥವಾ ಡಿಆರ್‌ಎಂ ಎನ್ನುತ್ತಾರೆ. ಹಾಡಿನ ಹಕ್ಕುದಾರರು ತಮ್ಮ ಹಾಡನ್ನು ಸೇವೆಗೆ ಕೊಡುವಾಗ, ಕೇಳುಗರು ಅದನ್ನು ಸುಲಭವಾಗಿ ನಕಲು ಮಾಡದಂತೆ ಬೀಗ ಇರಲಿ ಎಂದು ಕೇಳುತ್ತಾರೆ.

ಬ್ರೌಸರಿನಲ್ಲಿ ಈ ಬೀಗಕ್ಕೆ ಒಂದು ಸಮಾನ ವಿಧಾನವನ್ನು ಡಬ್ಲ್ಯು3ಸಿ ಎಂಬ ಅಂತರಜಾಲ ಮಾನಕ ಸಂಸ್ಥೆ 2017ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ಇದು ಬಳಕೆದಾರರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಿರೋಧಿಸಿದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅದೇ ತಿಂಗಳು ಆ ಸಂಸ್ಥೆಯಿಂದ ಹೊರನಡೆಯಿತು. ಆ ಚರ್ಚೆ ಇನ್ನೂ ಮುಗಿದಿಲ್ಲ.

ಬೀಗದ ಕೈಯಂತೆ ಕೆಲಸ ಮಾಡುವ ಪ್ರೋಗ್ರಾಮುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ವೈಡ್‌ವೈನ್. ಅದನ್ನು ಮಾಡಿದ ಕಂಪನಿಯನ್ನು ಗೂಗಲ್ 2010ರಲ್ಲಿ ಕೊಂಡಿತು. ಲಿನಕ್ಸ್‌ನ ಸೋರ್ಸ್ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ವೈಡ್‌ವೈನ್ ಹಾಗಲ್ಲ, ಅದರ ಕೋಡ್ ಮುಚ್ಚಿದೆ, ಸಿದ್ಧರೂಪದಲ್ಲಷ್ಟೇ ಸಿಗುತ್ತದೆ. ಗೂಗಲ್ ಯಾವ ಸಿಸ್ಟಂಗೆ ಸಿದ್ಧರೂಪ ಕೊಡುತ್ತದೆಯೋ ಅಲ್ಲಿ ಬೀಗ ತೆರೆಯುತ್ತದೆ. ಕೊಡದ ಕಡೆ ಎಷ್ಟೇ ಬುದ್ಧಿವಂತ ಪ್ರೋಗ್ರಾಮರ್ ಇದ್ದರೂ ಅದನ್ನು ತಾನೇ ಕಂಪೈಲ್ ಮಾಡಿಕೊಳ್ಳಲಾಗದು. ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್‌ನಂಥ ಸೇವೆಗಳ ಜಾಲತಾಣ ತೆರೆದು, ಪಟ್ಟಿಯೆಲ್ಲ ಕಂಡು, ಹಾಡು ಮಾತ್ರ ನುಡಿಯದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

4. ಒಂದು ಸಿಸ್ಟಂನ ಪ್ರೋಗ್ರಾಂ ಇನ್ನೊಂದರಲ್ಲಿ ಏಕೆ ಓಡದು?

ಪ್ರೊಸೆಸರ್ ಒಂದೇ ಆಗಿದ್ದರೂ ವಿಂಡೋಸಿನ ಪ್ರೋಗ್ರಾಂ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಕಾರಣ ಎರಡು. ಪ್ರೋಗ್ರಾಂ ಫೈಲಿನ ಒಳಕಟ್ಟೇ ಬೇರೆ ಎಂಬುದು ಒಂದು. ಪ್ರೋಗ್ರಾಂ ತನ್ನ ಕೆಲಸಕ್ಕಾಗಿ ಸಿಸ್ಟಂ ಅನ್ನು ಕೇಳುವ ಭಾಷೆ ಬೇರೆ ಎಂಬುದು ಇನ್ನೊಂದು. "ಈ ಫೈಲ್ ತೆರೆ", "ಈ ಧ್ವನಿ ನುಡಿಸು" ಎಂಬ ಕೋರಿಕೆಗಳನ್ನು ವಿಂಡೋಸ್ ಒಂದು ಬಗೆಯಲ್ಲಿ ಕೇಳಿಸಿಕೊಂಡರೆ ಲಿನಕ್ಸ್ ಇನ್ನೊಂದು ಬಗೆಯಲ್ಲಿ ಕೇಳಿಸಿಕೊಳ್ಳುತ್ತದೆ.

ಇಬ್ಬರ ಮಧ್ಯೆ ದುಭಾಷಿ ನಿಂತರೆ ಕೆಲಸ ಸಾಗುತ್ತದೆ. 1993ರಲ್ಲಿ ಆರಂಭವಾದ ವೈನ್ ಎಂಬ ಮುಕ್ತ ತಂತ್ರಾಂಶ ಅಂಥ ದುಭಾಷಿ. ವಿಂಡೋಸ್ ಪ್ರೋಗ್ರಾಮಿನ ಕೋರಿಕೆಗಳನ್ನು ಅದು ಲಿನಕ್ಸ್‌ಗೆ ತಿಳಿಯುವಂತೆ ಬದಲಿಸುತ್ತದೆ. ಫ್ರೀಬಿಎಸ್‌ಡಿಯಲ್ಲೂ ಲಿನಕ್ಸ್ ಪ್ರೋಗ್ರಾಮುಗಳ ಕೋರಿಕೆಗೆ ಉತ್ತರಿಸುವ ಒಂದು ಪದರವಿದೆ. ಅದರ ಮೂಲಕ ಲಿನಕ್ಸ್‌ನ ಬ್ರೌಸರನ್ನೂ ಅದರೊಳಗಿನ ವೈಡ್‌ವೈನನ್ನೂ ಓಡಿಸಿ ಹಾಡು ಕೇಳುವವರಿದ್ದಾರೆ. ಆದರೆ ದುಭಾಷಿಯ ಮೂಲಕ ನಡೆಯುವ ಸಂಭಾಷಣೆಯಲ್ಲಿ ಕೆಲವು ಮಾತು ತಪ್ಪುವುದುಂಟು. ಆ್ಯಪ್ ಹೊಸದಾದಾಗ ನಿನ್ನೆ ಓಡಿದ್ದು ಇಂದು ನಿಲ್ಲಬಹುದು.

5. ಮಾಡಿ ನೋಡಬಹುದಾದ ದಾರಿಗಳು

ಮೊದಲು ನಿಮ್ಮ ಯಂತ್ರದ ಜಾತಕ ತಿಳಿಯಿರಿ. ಲಿನಕ್ಸ್‌ನ ಟರ್ಮಿನಲ್ ತೆರೆದು "ಯುನೇಮ್" ಎಂಬ ಆಜ್ಞೆ, ಒಂದು ಜಾಗ, ಅಡ್ಡಗೆರೆ, "ಎಂ" ಅಕ್ಷರ, ಇಷ್ಟನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ. ಉತ್ತರದಲ್ಲಿ "ಎಕ್ಸ್86" ಮತ್ತು "64" ಎರಡೂ ಇದ್ದರೆ ಇಂಟೆಲ್ ಅಥವಾ ಎಎಂಡಿಯ 64 ಬಿಟ್ ಯಂತ್ರ. "ಎಆರ್ಕ್64" ಎಂದಿದ್ದರೆ ಆರ್ಮ್ ಪ್ರೊಸೆಸರ್; ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರುಗಳಲ್ಲಿ ಇರುವುದು ಇದೇ.

ಮೊದಲ ದಾರಿ: ಬ್ರೌಸರ್. ಎಲ್ಲಕ್ಕಿಂತ ಸುಲಭ ಇದೇ. 64 ಬಿಟ್ ಲಿನಕ್ಸ್‌ನಲ್ಲಿ ಫೈರ್‌ಫಾಕ್ಸ್ ತೆರೆದು ಸೇವೆಯ ಜಾಲತಾಣಕ್ಕೆ ಹೋಗಿ. ಡಿಆರ್‌ಎಂ ಇರುವ ವಿಷಯ ನುಡಿಸಲು ಒಪ್ಪಿಗೆ ಇದೆಯೇ ಎಂದು ಅದು ಮೇಲ್ಭಾಗದಲ್ಲಿ ಕೇಳುತ್ತದೆ. ಒಪ್ಪಿದರೆ ವೈಡ್‌ವೈನ್ ತಾನಾಗಿ ಇಳಿಯುತ್ತದೆ. ಫೈರ್‌ಫಾಕ್ಸ್ ಲಿನಕ್ಸ್‌ನಲ್ಲಿ ಈ ಸೌಲಭ್ಯ ಪಡೆದದ್ದು 2016ರಲ್ಲಿ. ಗೂಗಲ್ ಕ್ರೋಮ್‌ನಲ್ಲಿ ಅದು ಮೊದಲೇ ಇರುತ್ತದೆ. ಕ್ರೋಮಿಯಂ ಎಂಬ ಮುಕ್ತ ಆವೃತ್ತಿಯಲ್ಲಿ ಹಲವು ವೇಳೆ ಇರುವುದಿಲ್ಲ. ಎರಡರ ಹೆಸರು ಹತ್ತಿರವಾದ್ದರಿಂದ ಗೊಂದಲವಾಗುತ್ತದೆ. ರಾಸ್ಪ್‌ಬೆರಿ ಪೈನವರು 2021ರಿಂದ ತಮ್ಮ ಸಿಸ್ಟಂಗೆ ವೈಡ್‌ವೈನ್ ಪ್ಯಾಕೇಜ್ ಕೊಡುತ್ತಿದ್ದಾರೆ. ಬ್ರೌಸರಿನ ಮಿತಿ ಎಂದರೆ ಹಾಡು ಇಳಿಸಿಟ್ಟುಕೊಂಡು ಇಂಟರ್ನೆಟ್ ಇಲ್ಲದಾಗ ಕೇಳುವ ಸೌಲಭ್ಯ ಸ್ಪಾಟಿಫೈಯ ವೆಬ್ ಪ್ಲೇಯರಿನಲ್ಲಿ ಇಲ್ಲ.

ಎರಡನೆಯ ದಾರಿ: ಲಿನಕ್ಸ್‌ನ ಆ್ಯಪ್. ಉಬುಂಟುವಿನ ಆ್ಯಪ್ ಕೇಂದ್ರದಲ್ಲಿ ಸ್ಪಾಟಿಫೈ ಎಂದು ಹುಡುಕಿದರೆ ಸಿಗುತ್ತದೆ. ಟರ್ಮಿನಲ್ ಇಷ್ಟವಿದ್ದರೆ "ಸುಡೊ", "ಸ್ನ್ಯಾಪ್", "ಇನ್‌ಸ್ಟಾಲ್", "ಸ್ಪಾಟಿಫೈ" ಎಂಬ ನಾಲ್ಕು ಪದಗಳನ್ನು ಇಂಗ್ಲಿಷಿನಲ್ಲಿ ಒಂದೊಂದು ಜಾಗ ಬಿಟ್ಟು ಹೊಡೆದರೆ ಸಾಕು. ಈ ಸ್ನ್ಯಾಪ್ ಪ್ಯಾಕೇಜನ್ನು ಸ್ಪಾಟಿಫೈಯೇ ಪ್ರಕಟಿಸುತ್ತದೆ. ಲಿನಕ್ಸ್ ಮಿಂಟ್‌ನಲ್ಲಿ ಸ್ನ್ಯಾಪ್ ಮೊದಲಿನಿಂದಲೇ ತಡೆದಿರುವುದರಿಂದ ಅಲ್ಲಿ ಫ್ಲ್ಯಾಟ್‌ಪ್ಯಾಕ್ ರೂಪ ಬಳಸುತ್ತಾರೆ. ಅದನ್ನು ಕಟ್ಟಿಕೊಡುವವರು ಸ್ವಯಂಸೇವಕರು. ನೆನಪಿಡಿ, ಈ ಆ್ಯಪ್ ಇರುವುದು ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಯಂತ್ರಗಳಿಗೆ. 32 ಬಿಟ್ ಯಂತ್ರದವರಿಗೆ ಈ ದಾರಿ ಮುಚ್ಚಿದೆ.

ಮೂರನೆಯ ದಾರಿ: ಸಮುದಾಯದ ಪ್ಲೇಯರುಗಳು. ಲಿಬ್‌ರೆಸ್ಪಾಟ್ ಎಂಬ ಮುಕ್ತ ತಂತ್ರಾಂಶವನ್ನು ಸ್ಪಾಟಿಫೈಯೊಂದಿಗೆ ಮಾತನಾಡುವ ಕ್ರಮವನ್ನು ಅಧ್ಯಯನ ಮಾಡಿ ಹೊರಗಿನವರು ರಸ್ಟ್ ಭಾಷೆಯಲ್ಲಿ ಬರೆದಿದ್ದಾರೆ. ಅದರ ಮೇಲೆ ಎನ್‌ಸಿಸ್ಪಾಟ್, ಸ್ಪಾಟಿಫೈಡಿ ಮೊದಲಾದ ಹಗುರ ಪ್ಲೇಯರುಗಳು ನಿಂತಿವೆ. ಕಡಿಮೆ ರ್‍ಯಾಮ್ ಇರುವ ಯಂತ್ರಕ್ಕೂ ಇವು ಭಾರವಲ್ಲ. ಹಣ ಕೊಟ್ಟ ಪ್ರೀಮಿಯಂ ಖಾತೆಗೆ ಮಾತ್ರ ಇವು ಕೆಲಸ ಮಾಡುತ್ತವೆ. ಉಚಿತ ಖಾತೆಯ ಜಾಹೀರಾತು ತಪ್ಪಿಸುವ ಸಾಧನ ಆಗಬಾರದು ಎಂದು ಬರೆದವರೇ ಆ ಗೆರೆ ಎಳೆದಿದ್ದಾರೆ. ಇವು ಅಧಿಕೃತವಲ್ಲ. ಸೇವೆಯ ನಿಯಮ ಓದಿ, ಖಾತೆಗೆ ತೊಂದರೆಯಾದರೆ ಹೊಣೆ ತನ್ನದೇ ಎಂದು ತಿಳಿದವರು ಮಾತ್ರ ಬಳಸಬೇಕು.

ನಾಲ್ಕನೆಯ ದಾರಿ: ವೈನ್. ಬ್ರೌಸರ್ ಸಾಕಾಗುವ ಕಡೆ ಇಷ್ಟು ಶ್ರಮ ಬೇಕಿಲ್ಲ. ಕಲಿಕೆಗಾಗಿ ಒಮ್ಮೆ ಮಾಡಿ ನೋಡಲು ಅಡ್ಡಿಯಿಲ್ಲ.

6. ಹಳೆಯ ವಿಂಡೋಸ್‌ನಲ್ಲೇ ಉಳಿದರೆ?

"ಲಿನಕ್ಸ್ ಏಕೆ, ವಿಂಡೋಸ್ 7ರಲ್ಲೇ ಬ್ರೌಸರ್ ತೆರೆದು ಹಾಡು ಕೇಳಿದರಾಯಿತು" ಎನ್ನುವವರಿದ್ದಾರೆ. ಅಲ್ಲಿನ ಸಮಸ್ಯೆ ಬೇರೆ. ವಿಂಡೋಸ್ 7ಕ್ಕೆ ಸಿಕ್ಕಿದ ಕೊನೆಯ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿ. ಫೈರ್‌ಫಾಕ್ಸ್ 115ನೇ ಆವೃತ್ತಿಯ ಸಾಲಿಗೆ ನಿಂತಿತು. ಹಳೆಯ ಬ್ರೌಸರಿನಲ್ಲಿ ಇಂದು ನುಡಿದ ಹಾಡು ನಾಳೆ ನುಡಿಯುವ ಖಾತ್ರಿಯಿಲ್ಲ.

ಹಾಡು ನಿಂತರೆ ಅಷ್ಟೇನೂ ನಷ್ಟವಿಲ್ಲ. ಅದೇ ಯಂತ್ರದಲ್ಲಿ ನೀವು ಸಿಇಟಿ ಅರ್ಜಿ ತುಂಬುತ್ತೀರಿ, ವಿದ್ಯಾರ್ಥಿವೇತನದ ಪೋರ್ಟಲ್‌ಗೆ ಆಧಾರ್ ಸಂಖ್ಯೆ ಕೊಡುತ್ತೀರಿ, ಮನೆಯವರು ಬ್ಯಾಂಕ್ ಖಾತೆ ನೋಡುತ್ತಾರೆ. ತಿದ್ದುಪಡಿ ನಿಂತ ಸಿಸ್ಟಂನಲ್ಲಿ ಒಮ್ಮೆ ಪತ್ತೆಯಾದ ದೋಷ ಶಾಶ್ವತವಾಗಿ ತೆರೆದೇ ಇರುತ್ತದೆ.

ಇಲ್ಲಿ "ಬೆಂಬಲವಿಲ್ಲ" ಎಂಬ ಮಾತಿನ ಎರಡು ಅರ್ಥಗಳನ್ನು ಬೇರ್ಪಡಿಸಬೇಕು. ಹೊಸ ಲಿನಕ್ಸ್‌ಗೆ ಹಾಡಿನ ಕಂಪನಿಯ ಬೆಂಬಲವಿಲ್ಲ. ಆದರೆ ಸಿಸ್ಟಂ ಮಾಡಿದವರು ಭದ್ರತೆಯ ತಿದ್ದುಪಡಿ ಕಳಿಸುತ್ತಲೇ ಇರುತ್ತಾರೆ. ವಿಂಡೋಸ್ 7ಕ್ಕೆ ಅದನ್ನು ಮಾಡಿದವರ ಬೆಂಬಲವೇ ಇಲ್ಲ. ಮೊದಲನೆಯದು ಅನಾನುಕೂಲ, ಎರಡನೆಯದು ಅಪಾಯ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಪಾಠ ನಡೆಸುತ್ತಿವೆ. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಬಾಸ್ ಎಂಬ ಲಿನಕ್ಸ್ ಆವೃತ್ತಿಯನ್ನೇ ರೂಪಿಸಿದೆ. ಹಳೆಯ ಯಂತ್ರಕ್ಕೆ ಇದು ಪ್ರಯೋಗದ ದಾರಿಯೇನಲ್ಲ, ಚೆನ್ನಾಗಿ ಸವೆದ ದಾರಿ.

7. ದಾಟಬಾರದ ಗೆರೆ

ಅಧಿಕೃತ ಆ್ಯಪ್ ಸಿಗದಾಗ ಹಲವರು ಹಿಡಿಯುವ ಅಡ್ಡದಾರಿ ಎಂದರೆ "ಉಚಿತ ಪ್ರೀಮಿಯಂ" ಎಂದು ಹಂಚುವ ಮಾರ್ಪಡಿಸಿದ ಆ್ಯಪ್, ಇಲ್ಲವೆ ಹಾಡಿನ ಬೀಗ ಒಡೆದು ಫೈಲ್ ಮಾಡಿಕೊಡುವ ತಂತ್ರಾಂಶ. ಇದರಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ಕಾನೂನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ 65ಎ ಎಂಬ ಕಲಮನ್ನು ಸೇರಿಸಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅಲ್ಲಿ ಅವಕಾಶವಿದೆ. ಉದ್ದೇಶ ಎಂಬ ಪದವನ್ನು ಗಮನಿಸಿ. ನಮ್ಮ ಸ್ವಂತ ಖಾತೆಯಿಂದ ಬೇರೊಂದು ಸಿಸ್ಟಂನ ಬ್ರೌಸರಿನಲ್ಲಿ ಹಾಡು ಕೇಳುವುದು ಬೀಗ ಮುರಿಯುವುದಲ್ಲ. ಬೀಗದ ಕೈಯನ್ನೇ ಬಳಸುವುದು.

ಎರಡನೆಯದು ಭದ್ರತೆ. ಮಾರ್ಪಡಿಸಿದ ಆ್ಯಪ್‌ನಲ್ಲಿ ಏನು ಸೇರಿಸಿದ್ದಾರೆ ಎಂಬುದು ಮಾರ್ಪಡಿಸಿದವರಿಗೆ ಮಾತ್ರ ಗೊತ್ತು. ಅದರಲ್ಲಿ ನಿಮ್ಮ ಇಮೇಲ್ ಮತ್ತು ಪಾಸ್‌ವರ್ಡ್ ಹಾಕಿದ ಕೂಡಲೆ ಅವು ಅಪರಿಚಿತರ ಕೈ ಸೇರಬಹುದು. ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಟ್ಟವರಿಗಂತೂ ಹಾಡಿನ ಬಾಗಿಲು ತೆರೆದರೆ ಉಳಿದ ಬಾಗಿಲುಗಳೂ ತೆರೆದಂತೆ.

ಮೂರನೆಯದು ಪ್ರಾಮಾಣಿಕತೆ. ಹಾಡಿದವರು, ನುಡಿಸಿದವರು, ಬರೆದವರು ದುಡಿದಿದ್ದಾರೆ. ಜಾಹೀರಾತು ಸಹಿಸಿಕೊಂಡು ಉಚಿತವಾಗಿ ಕೇಳುವ ಸಕ್ರಮ ದಾರಿ ಇರುವಾಗ ಅವರ ಪಾಲನ್ನು ಕಸಿಯಲು ಬೆಂಬಲವಿಲ್ಲ ಎಂಬುದು ನೆಪವಾಗಬಾರದು.

8. ನಮ್ಮ ಕೈಯಲ್ಲಿ ಉಳಿಯುವುದೇನು?

ಸ್ಟ್ರೀಮಿಂಗ್‌ನಲ್ಲಿ ನಾವು ಹಾಡನ್ನು ಕೊಳ್ಳುವುದಿಲ್ಲ, ಕೇಳುವ ಅನುಮತಿಯನ್ನು ಪಡೆಯುತ್ತೇವೆ. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ನಿಂತಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಅನ್ನು ಮುಚ್ಚುವುದಾಗಿ 2024ರಲ್ಲಿ ಕಂಪನಿ ಘೋಷಿಸಿತು. ಸೇವೆಯೇ ಮುಚ್ಚಿದರೆ ಬೆಂಬಲವಿರುವ ಯಂತ್ರವೂ ಮೌನ.

ಮುಕ್ತ ಫಾರ್ಮ್ಯಾಟಿನ ಫೈಲ್ ಹಾಗಲ್ಲ. ಸಕ್ರಮವಾಗಿ ಕೊಂಡ ಅಥವಾ ಹಂಚಲು ಅನುಮತಿಯಿರುವ ಆಗ್ ವೋರ್ಬಿಸ್ ಫೈಲನ್ನು ಯಾವ ಸಿಸ್ಟಂನಲ್ಲಾದರೂ ನುಡಿಸಬಹುದು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೀವೇ ಹಾಡಿ ಧ್ವನಿಮುದ್ರಿಸಿದ ಗೀತೆಯನ್ನು ಹೀಗೆ ಉಳಿಸಿಟ್ಟರೆ ಹತ್ತು ವರ್ಷದ ನಂತರವೂ ತೆರೆಯುವ ಸಾಧ್ಯತೆ ಹೆಚ್ಚು. ಎಲ್ಲ ಬಗೆಯ ಫೈಲನ್ನೂ ನುಡಿಸುತ್ತದೆಂದು ಹೆಸರಾದ ವಿಎಲ್‌ಸಿ ಪ್ಲೇಯರ್ 1996ರಲ್ಲಿ ಫ್ರಾನ್ಸಿನ ಎಕೋಲ್ ಸೆಂತ್ರಾಲ್ ಪ್ಯಾರಿಸ್ ಎಂಬ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿ, 2001ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ದೊರೆಯಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ಸಾರಾಂಶ

• ಬೆಂಬಲವಿಲ್ಲ ಎಂದರೆ ಭರವಸೆ ಇಲ್ಲ, ಅಸಾಧ್ಯ ಎಂದಲ್ಲ.
• ಹಾಡು ನುಡಿಯದಿದ್ದರೆ ಐದು ಮೆಟ್ಟಿಲುಗಳಲ್ಲಿ ಯಾವುದು ಕೆಟ್ಟಿದೆ ಎಂದು ಒಂದೊಂದಾಗಿ ನೋಡಬೇಕು.
• ಮೊದಲು ಬ್ರೌಸರ್, ಆಮೇಲೆ ಆ್ಯಪ್, ಉಳಿದವು ಕೊನೆಗೆ.
• ತಿದ್ದುಪಡಿ ಬರುವ ಸಿಸ್ಟಂ ಬಳಸಬೇಕು. ಬೀಗ ಒಡೆಯುವ ತಂತ್ರಾಂಶದಿಂದ ದೂರವಿರಬೇಕು.

ಅಭ್ಯಾಸ

1. ದಿನಕ್ಕೆ 1.5 ಜಿಬಿ ಡೇಟಾ ಇದೆ. ಅದರಲ್ಲಿ 1.2 ಜಿಬಿ ಆನ್‌ಲೈನ್ ಪಾಠಕ್ಕೆ ಬೇಕು. ಉಳಿದದ್ದರಲ್ಲಿ 160 ಕಿಲೋಬಿಟ್ ಗುಣಮಟ್ಟದಲ್ಲಿ ಎಷ್ಟು ಗಂಟೆ ಹಾಡು ಕೇಳಬಹುದು? 96ರಲ್ಲಾದರೆ ಎಷ್ಟು? (1 ಜಿಬಿ ಎಂದರೆ 1,000 ಎಂಬಿ ಎಂದು ಹಿಡಿಯಿರಿ.)
2. ಜಾಲತಾಣ ತೆರೆಯುತ್ತದೆ, ಹಾಡಿನ ಗಡಿಯಾರವೂ ಓಡುತ್ತದೆ, ಧ್ವನಿ ಮಾತ್ರ ಇಲ್ಲ. ಯಾವ ಮೆಟ್ಟಿಲನ್ನು ಮೊದಲು ಪರೀಕ್ಷಿಸುವಿರಿ? ಏಕೆ?
3. ಫೈರ್‌ಫಾಕ್ಸ್‌ನಲ್ಲಿ ನುಡಿಯುವ ಹಾಡು ಅದೇ ಯಂತ್ರದ ಕ್ರೋಮಿಯಂನಲ್ಲಿ ನುಡಿಯುವುದಿಲ್ಲ. ಕಾರಣ ಬರೆಯಿರಿ.
4. ಕಂಪನಿಯೊಂದು ತನ್ನ ಆ್ಯಪ್ ಅನ್ನು ಎಲ್ಲ ಸಿಸ್ಟಂಗಳಿಗೂ ಕೊಡಬೇಕೆಂದು ಕಾನೂನು ಕಡ್ಡಾಯ ಮಾಡಬೇಕೇ? ಪರ ಮತ್ತು ವಿರೋಧ ಎರಡಕ್ಕೂ ಎರಡೆರಡು ವಾದಗಳನ್ನು ಬರೆಯಿರಿ.

(ಮೊದಲ ಪ್ರಶ್ನೆಯ ಉತ್ತರ: ಉಳಿಯುವುದು 300 ಎಂಬಿ. 160ರಲ್ಲಿ ಸುಮಾರು 4 ಗಂಟೆ 10 ನಿಮಿಷ, 96ರಲ್ಲಿ ಸುಮಾರು 6 ಗಂಟೆ 57 ನಿಮಿಷ. ಎರಡನೆಯದಕ್ಕೆ ಸುಳಿವು: ಗಡಿಯಾರ ಓಡುತ್ತಿದ್ದರೆ ಬೀಗ ತೆರೆದಿದೆ ಎಂದೇ ಅರ್ಥ. ಉಳಿದವನ್ನು ತರಗತಿಯಲ್ಲಿ ಚರ್ಚಿಸಿ.)